ಮಸ್ತಾನ್ ಚಾಚಾನ ಹತ್ತಿ ತಿಂಗಳು

ಮಸ್ತಾನ್ ಚಾಚಾಗೆ ವೇಳೆಯ ಖಬರೇ ಇರಲಿಲ್ಲ, ಕಂಪ್ಯೂಟರ್ ಬಂದಮೇಲೆ ಅವರ ಕಾಲ ಮುಗಿಯಿತು ಎಂದು ಶಹಾಪುರದಲ್ಲಿ ಎಲ್ಲರೂ ಹೇಳುತ್ತಾರೆ. ಸಾಕ್ಷಿ ಏನು ಎಂದು ಯಾರೂ ಕೇಳಿಲ್ಲ. ಕೇಳಿದ್ದರೆ ನಾನೇ ಬಾಯಿ ಬಿಡಬೇಕಾಗಿತ್ತು.

ಚಾಚಾ ಗೋಗಿ ಊರಿನ ಗಾರೆ ಮೇಸ್ತ್ರಿ. ಅವರ ಗುಂಪಿನಲ್ಲಿ ಇಪ್ಪತ್ತು ಜನ. ಹೊಸಬರು ಬಂದರೆ ಏನು ಕೆಲಸ ಬರುತ್ತದೆಂದು ಕೇಳುತ್ತಿರಲಿಲ್ಲ. "ಯಾವ ದಿನ ಬರಂಗಿಲ್ಲ, ಮೊದಲ ಅದು ಹೇಳು" ಎನ್ನುತ್ತಿದ್ದರು. ಹೇಳಿದ್ದನ್ನೆಲ್ಲ ಸಿಮೆಂಟ್ ಕೋಣೆಯ ಗೋಡೆಗೆ ಇದ್ದಲಿಯಿಂದ ಬರೆಯುತ್ತಿದ್ದರು: ಮೊಹರಂ, ಅಮಾವಾಸ್ಯೆ, ಯಾರದೋ ಮದುವೆ.

"ನನ್ನ ಮಗಳ ಬಾಣಂತನ ಯಾವಾಗಂತ ನನಗ ಗೊತ್ತಿಲ್ಲ, ನೀ ಏನ್ ಬರೀತಿ ಮೇಸ್ತ್ರಿ?" ಎಂದು ವಡಗೇರಾದ ಶರಣಮ್ಮ ಕೆಣಕಿದ್ದಳು.

"ಹದಿನೈದು ದಿನ ಬರ್ದೀನಿ. ಜೋಡಿ ಹುಟ್ಟಿದ್ರ ಹೇಳವಾ, ಇನ್ನಾ ಹದಿನೈದು ಗೀಚ್ತೀನಿ."

ಆ ಗೋಡೆ ನೋಡಿ ನಾನು ನಕ್ಕಿದ್ದೆ. ಆಗ ಕಟ್ಟುತ್ತಿದ್ದದ್ದು ಒಂದು ಹಾಸ್ಟೆಲ್. ಅದರ ವೇಳಾಪಟ್ಟಿ ಮಾಡಲು ಬಂದ ಹೊಸ ಇಂಜಿನಿಯರ್ ನಾನು. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಸೋತವನಲ್ಲ. ಲ್ಯಾಪ್‌ಟಾಪಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ಪಟ್ಟಿ, ಒಂದು ಮುಗಿದರೆ ಇನ್ನೊಂದು; ಗಡುವಿನೊಳಗೆ ಮುಗಿಯುವುದು ನೀಲಿ, ತಡವಾಗುವುದು ಕೆಂಪು. ಆದರೆ ಕೊನೆಯ ಪಟ್ಟಿ ಕೆಂಪಾಗಿಯೇ ಉಳಿಯಿತು. ನಮ್ಮ ಕಂಪನಿ ಸಾಹೇಬರು ಕೊಟ್ಟ ಗಡುವನ್ನು ನಲವತ್ತು ದಿನ ದಾಟಿತ್ತು. ಚಾಚಾ ಹತ್ತಿ ಬಿಡಿಸುವ ಕಾಲಕ್ಕೆಂದು ಕೆಲಸ ನಿಲ್ಲಿಸಲು ಹೇಳಿದ್ದೂ ನಲವತ್ತೇ ದಿನ.

"ಬ್ಯಾರೆ ಮಂದಿನ್ನ ಕರೀರಿ ಚಾಚಾ."

"ಎಲ್ಲಾರೂ ಹೊಲದಾಗ ಇರ್ತಾರ್ರಿ ಸರ. ನೀವ ಗಾರೆ ಪುಟ್ಟಿ ಹೊತ್ರ ನಡೀತದ."

"ಎಲ್ಲಾರೂ ಅಂದ್ರ? ಒಬ್ರೂ ಸಿಗಂಗಿಲ್ಲಂತ ಖಾತ್ರಿ ಕೊಡ್ತೀರೇನು?"

ಅವರು ಯೋಚಿಸಿದರು. ಪ್ರಾಮಾಣಿಕರ ತೊಂದರೆಯೇ ಅದು. "ಖಾತ್ರಿ ಹ್ಯಾಂಗ ಕೊಡ್ಲಿ? ಸಿಕ್ರೂ ಸಿಗಬಹುದು."

ಆ 'ಬಹುದು' ನನಗೆ ಸಾಕಾಯಿತು. ನಲವತ್ತು ದಿನ ಅಳಿಸಿದೆ. ಪಟ್ಟಿ ನೀಲಿಯಾಯಿತು, ಸಾಹೇಬರು ಬೆನ್ನು ತಟ್ಟಿದರು. ಪ್ರಿಂಟ್ ತೆಗೆದುಕೊಟ್ಟಾಗ ಚಾಚಾ ಬಹಳ ಹೊತ್ತು ಅದನ್ನು ನೋಡಿ ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದರು.

ಹತ್ತಿ ಒಡೆಯಿತು. ಶರಣಮ್ಮ ಬಿಡಿಸಲು ಹೋದಳು, ಅವಳ ಹಿಂದೆ ಹೆಂಗಸರೆಲ್ಲ ಹೋದರು. ಚಾಚಾ ರಾಮಸಮುದ್ರದವರೆಗೂ ಮನೆಮನೆ ತಿರುಗಿದರು. ಒಬ್ಬರೂ ಸಿಗಲಿಲ್ಲ. ಕಾಂಕ್ರೀಟ್ ಮಿಕ್ಸರ್ ತಿರುಗದೆ ನಿಂತಿತು.

ಯಾದಗಿರಿಯ ಆಫೀಸಿನಲ್ಲಿ ಸಾಹೇಬರು ಆ ಹಾಳೆಯನ್ನು ಮೇಜಿನ ಮೇಲೆ ಬಡಿದು, "ಈ ತಾರೀಖ ಕೊಟ್ಟಾಂವ ಯಾರು?" ಎಂದರು.

ಚಾಚಾ ನನ್ನ ಕಡೆ ತಿರುಗಲಿಲ್ಲ. "ಸಹಿ ನಂದದರಿ" ಎಂದರು.

ಎದುರಾಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಉತ್ತರ ಕೊಡುತ್ತಿದ್ದ ನಾನು ಅವತ್ತು ಬಾಯಿ ತೆರೆಯಲಿಲ್ಲ. ಹೊರಗಿನ ಗುಂಪು ಬಂತು. ಚಾಚಾನ ಇಪ್ಪತ್ತು ಜನ ಚದುರಿದರು. ಅವರನ್ನು ಮತ್ತೆ ಕೂಡಿಸುವಂಥ ಕೆಲಸವನ್ನು ಯಾವ ಗುತ್ತಿಗೆದಾರನೂ ಚಾಚಾಗೆ ಕೊಡಲಿಲ್ಲ. ಹಾಸ್ಟೆಲ್ ಹೇಗೂ ತಡವಾಗಿಯೇ ಮುಗಿಯಿತು, ಪಟ್ಟಿ ಮಾಡಿದವನ ಹೆಸರನ್ನು ಯಾರೂ ಎತ್ತಲಿಲ್ಲ.

ಕೊನೆಯ ಸಲ ಚಾಚಾನನ್ನು ಕಂಡದ್ದು ಸುರಪುರದ ಬಸ್ ಸ್ಟ್ಯಾಂಡಿನಲ್ಲಿ. ಆ ವಯಸ್ಸಿನಲ್ಲಿ ಮತ್ತೊಬ್ಬರ ಕೈಕೆಳಗೆ ದಿನಗೂಲಿ. ಕೈಚೀಲದಿಂದ ಗಾರೆ ಬಳಿಯುವ ಕರಣಿಯ ಹಿಡಿ ಹೊರಬಂದಿತ್ತು. "ಊಟ ಆತೇನ್ರಿ ಸರ?" ಎಂದರು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ನಾನು ವಾದ ಮಾಡುತ್ತಿದ್ದೆ. ಬಸ್ಸು ಬಂತು. ಅವರು ಮೆಟ್ಟಿಲ ಮೇಲೆ ಕಾಲಿಟ್ಟಾಗ ತಡೆಯಲಾಗದೆ ಕೇಳಿಯೇಬಿಟ್ಟೆ:

"ಚಾಚಾ, ಅಳಿಸಿದಾಂವ ನಾ ಅಂತ ನಿಮಗ ಗೊತ್ತಿತ್ತು. ಅವತ್ತ ನನ್ನ ಹೆಸರ ಯಾಕ ಹೇಳಲಿಲ್ಲ?"