ಅಮ್ಮ ಫ್ರೀವೇ ಹತ್ತಿದ ಗುರುವಾರ

ಆಗಿನ್ನೂ ನಾವಿದ್ದ ಬೆರ್ರಿಯೆಸಾ ಬಡಾವಣೆಯಲ್ಲಿ ಮನೆಗಳ ನಡುವೆ ಅಲ್ಲಲ್ಲಿ ಏಪ್ರಿಕಾಟ್ ತೋಟಗಳು ಉಳಿದಿದ್ದವು. ಕನ್ನಡ ಮಾತಾಡುವ ಇನ್ನೊಂದು ಮನೆ ಬೇಕೆಂದರೆ ಹೇವರ್ಡ್‌ವರೆಗೆ ಹೋಗಬೇಕಾಗಿದ್ದ ಕಾಲ. ಎಂಬತ್ತರ ದಶಕದ ನಡುವಿನ ಮಾತು. ನನಗೆ ಹತ್ತು ವರ್ಷ.

ನಮ್ಮ ಅಪಾರ್ಟ್‌ಮೆಂಟಿನ ಎದುರು ಮನೆಯಲ್ಲಿ ರೂತ್ ಮತ್ತು ಅವಳ ಮಗ ಸ್ಯಾಮಿ ಇದ್ದರು. ಯಹೂದಿಗಳು. ಸ್ಯಾಮಿಯ ಅಪ್ಪ ಬೇರೆಯಾಗಿ ಶಿಕಾಗೋದಲ್ಲಿದ್ದ. ರೂತ್ ಆಸ್ಪತ್ರೆಯ ಲ್ಯಾಬಿನಿಂದ ಬರುವುದು ಆರು ಗಂಟೆಗೆ. ಅಲ್ಲಿಯವರೆಗೆ ಸ್ಯಾಮಿ ನಮ್ಮ ಮನೆಯಲ್ಲೇ ಇರುತ್ತಿದ್ದ. ನನಗಿಂತ ಒಂದು ವರ್ಷ ಚಿಕ್ಕವನು. ಅಮ್ಮನ ಬಾಯಲ್ಲಿ ಅವನು ಮೊದಲ ದಿನದಿಂದಲೇ 'ಸ್ವಾಮಿ' ಆಗಿದ್ದ.

ಶಾಲೆಯಿಂದ ಬಂದ ಕೂಡಲೇ ಅಮ್ಮ ಒಗ್ಗರಣೆ ಅವಲಕ್ಕಿ ಕೊಡುತ್ತಿದ್ದಳು. ಸ್ಯಾಮಿ ಕರಿಬೇವನ್ನು ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು ಕುಂಟೆಬಿಲ್ಲೆ. ಬಿಸಿಲಿಗೆ ಕಾದ ಡಾಂಬರು, ಬೇಲಿಯಾಚೆಯ ನೀಲಗಿರಿ ಮರಗಳು, ಎರಡರ ವಾಸನೆಯೂ ಕೂಡಿ ಬರುತ್ತಿತ್ತು. ಐದು ಗಂಟೆಗೆ ಅಮ್ಮ ಶ್ರುತಿಪೆಟ್ಟಿಗೆ ತೆಗೆದು ನನಗೆ ಸರಳೆ ವರಸೆ ಹೇಳಿಕೊಡುವಾಗ ಅವನೂ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದ. ನನ್ನದು ಎಳೆದೂ ಎಳೆದೂ ಹೇಳುವ ಕಂಠ. ಅವನು ಬಾಯಿ ತೆರೆದರೆ ಅಡುಗೆಮನೆಯಲ್ಲಿದ್ದ ಅಪ್ಪ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಆ ವರ್ಷ ಸೆಪ್ಟೆಂಬರಿನಲ್ಲಿ ರೂತ್ ಒಂದು ಚೀಟಿ ಹಿಡಿದು ಬಂದಳು. ಪಾಲೋ ಆಲ್ಟೋದಲ್ಲಿ ಯಹೂದಿ ಹುಡುಗರ ಗಾಯನ ತಂಡವೊಂದಿತ್ತು. ಊರೂರಿಗೆ ಹೋಗಿ ವೇದಿಕೆಯ ಮೇಲೆ ಹಾಡುವ ತಂಡ. ಸ್ಯಾಮಿಯನ್ನು ಸೇರಿಸಲೇಬೇಕೆಂದು ಅವನ ತಾತ ಹಟ ಹಿಡಿದಿದ್ದರು. ಅಮ್ಮ, ರೂತ್ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡದಲ್ಲೇ ಉಳಿದಿದೆ.

"ನಂಗೇನೂ ತೋಚ್ತಾ ಇಲ್ಲ ಸರೋಜಾ. ಹೋದ್ವರ್ಷ ಸ್ಕೂಲ್ ನಾಟಕದಲ್ಲಿ ನಿಲ್ಲಿಸಿದ್ದಕ್ಕೆ ವಾಂತಿ ಮಾಡ್ಕೊಂಡ. ಮಗೂನ ಸ್ಟೇಜ್ ಮೇಲೆ ನಿಲ್ಲಿಸಿ ತೋರಿಸೋದು ನಂಗಿಷ್ಟ ಇಲ್ಲ. ನಮ್ಮಪ್ಪ ನೋಡಿದ್ರೆ, ನಮ್ಮ ಹಾಡು ಇವನ ಬಾಯಲ್ಲಾದ್ರೂ ಉಳೀಲಿ ಅಂತಾರೆ."

"ಯಾವಾಗ ಪ್ರಾಕ್ಟೀಸು?"

"ಮಂಗಳವಾರ, ಗುರುವಾರ. ನಾಲ್ಕೂವರೆಗೆ. ನಾನು ಕೆಲಸ ಬಿಟ್ಟು ಕರ್ಕೊಂಡು ಹೋಗೋಕಾಗಲ್ಲ."

ಅಮ್ಮ ಚೀಟಿಯನ್ನು ಮತ್ತೊಮ್ಮೆ ಓದಿದಳು. ಅವಳಿಗೆ ಲೈಸೆನ್ಸ್ ಬಂದು ಎರಡು ತಿಂಗಳಾಗಿತ್ತಷ್ಟೆ. ಗ್ರೋಸರಿ ಅಂಗಡಿ ಮತ್ತು ಲೈಬ್ರರಿ ಬಿಟ್ಟು ಬೇರೆಲ್ಲಿಗೂ ಓಡಿಸಿದವಳಲ್ಲ. ಪಾಲೋ ಆಲ್ಟೋಗೆ ಬೇಗ ತಲುಪಲು ವಾಹನಗಳು ನಿಲ್ಲದೆ ಧಾವಿಸುವ ಫ್ರೀವೇ ಹತ್ತಬೇಕು; ಅದೆಂದರೆ ಅವಳಿಗೆ ಭಯ.

ತಂಡದ ಮೇಷ್ಟ್ರು ಮುಂದಿನ ವಾರ ಹುಡುಗನ ದನಿ ಕೇಳಲಿ, ಆಮೇಲೆ ತೀರ್ಮಾನಿಸೋಣ ಎಂದು ಇಬ್ಬರೂ ಒಪ್ಪಿದರು. ತುರ್ತಿಗೆ ಬೇಕಾದೀತೆಂದು ರೂತ್ ನಮ್ಮ ಮನೆಯ ಫೋನ್ ನಂಬರನ್ನೇ ಮೇಷ್ಟ್ರಿಗೆ ಕೊಟ್ಟಳು.

ಬುಧವಾರ ಫೋನು ಬಂದಾಗ ಅಮ್ಮ ಸ್ನಾನಕ್ಕೆ ಹೋಗಿದ್ದಳು. ಮೇಷ್ಟ್ರೇ ಮಾತಾಡಿದರು. ಮುಂದಿನ ವಾರ ಆಗುವುದಿಲ್ಲವಂತೆ, ನಾಳೆಯೇ ನಾಲ್ಕೂವರೆಗೆ ಕರೆತರಬೇಕಂತೆ, ಈ ವರ್ಷಕ್ಕೆ ಅದೇ ಕೊನೆಯ ಅವಕಾಶವಂತೆ. ನಾನು "ಓಕೆ" ಎಂದು ಫೋನಿಟ್ಟೆ. ಯಾರಿಗೂ ಹೇಳಲಿಲ್ಲ. ಮಂಗಳವಾರ, ಗುರುವಾರ ಕುಂಟೆಬಿಲ್ಲೆಯ ಚೌಕಗಳಲ್ಲಿ ನಾನೊಬ್ಬಳೇ ಕುಂಟುವುದು ಕಣ್ಣಿಗೆ ಕಟ್ಟಿತ್ತು.

ಮರುದಿನ ಆಟದ ನಡುವೆ ಸ್ಯಾಮಿ ಒಂಟಿ ಕಾಲಲ್ಲೇ ನಿಂತು ಕೇಳಿದ: "ಅವರು ನನ್ನ ತಗೊಂಡ್ರೆ ನೀನೊಬ್ಳೇ ಆಗ್ತೀಯಲ್ಲ? ಕಲ್ತಿದ್ದೆಲ್ಲ ನಿಂಗೂ ಹೇಳಿಕೊಡ್ತೀನಿ. ಪ್ರಾಮಿಸ್."

ನಾನು ಬಿಲ್ಲೆಯನ್ನು ಅಲ್ಲೇ ಬಿಟ್ಟೆ. ಓಡಿಹೋಗಿ ಅಮ್ಮನ ಸೀರೆ ಹಿಡಿದು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಗಡಿಯಾರದಲ್ಲಿ ಮೂರು ಮುಕ್ಕಾಲು.

ಅಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿದಳು. ಲ್ಯಾಬಿಗೆ ಫೋನು ಮಾಡಿದಳು. ಈಗ ಹೊರಡಲಾಗುವುದಿಲ್ಲ, ಹೋಗಲಿ ಬಿಡಿ ಎಂದಳಂತೆ ರೂತ್. "ನಾನು ಕರ್ಕೊಂಡು ಹೋಗಲಾ?" ಎಂದು ಅಮ್ಮ ಕೇಳಿದ್ದು ಮಾತ್ರ ನನಗೆ ಕೇಳಿಸಿತು. ರೂತ್ ಒಪ್ಪಿರಬೇಕು; ಫೋನಿಟ್ಟವಳು ನನ್ನ ಹಿಂದೆಯೇ ಬಂದಿದ್ದ ಸ್ಯಾಮಿಯ ಮುಂದೆ ಮಂಡಿಯೂರಿ ಕೂತಳು. ಇಷ್ಟು ದಿನ ಯಾರೂ ಕೇಳದಿದ್ದುದನ್ನು ಕೇಳಿದಳು.

"ಸ್ವಾಮಿ, ನಿಂಗೆ ಹೋಗ್ಬೇಕು ಅಂತ ಇದೆಯಾ?"

"ಭಯ ಆಗತ್ತೆ ಆಂಟಿ," ಎಂದ. "ಆದ್ರೆ ಹೋಗ್ಬೇಕು."

ಒಳರಸ್ತೆಯಲ್ಲಿ ಹೋದರೆ ಒಂದು ಗಂಟೆಯ ಮೇಲಾಗುತ್ತಿತ್ತು. ಅಪ್ಪ ಸಹೋದ್ಯೋಗಿಯ ಜೊತೆ ಆಫೀಸಿಗೆ ಹೋಗುತ್ತಿದ್ದುದರಿಂದ ನಮ್ಮ ಕಾರು ಮನೆಯಲ್ಲೇ ಇತ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಫ್ರೀವೇ ಹತ್ತಿದಳು. ಲಾರಿಗಳು ಎರಡೂ ಬದಿಯಲ್ಲಿ ಬುಸುಗುಟ್ಟುತ್ತಿದ್ದವು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಸ್ಯಾಮಿ ನನಗೆ ಒತ್ತಿಕೊಂಡು ಕೂತ.

"ನೀನು ಹಾಡು ಸ್ವಾಮಿ, ನಾನು ಓಡಿಸ್ತೀನಿ. ಇಬ್ರಿಗೂ ಭಯ ಹೋಗತ್ತೆ," ಎಂದಳು ಅಮ್ಮ, ರಸ್ತೆಯಿಂದ ಕಣ್ಣು ಕೀಳದೆ.

ಅವನು ಶುರುಮಾಡಿದ. ತಾತ ಕಲಿಸಿದ್ದ ಹೀಬ್ರೂ ಹಾಡು. ನಮಗೆ ಅದರ ಒಂದು ಪದವೂ ತಿಳಿಯದು. ಪಾಲೋ ಆಲ್ಟೋ ಬರುವವರೆಗೂ ಹಾಡಿದ.

ಇಪ್ಪತ್ತು ನಿಮಿಷ ತಡವಾಗಿತ್ತು. ಅಮ್ಮ ಅಭ್ಯಾಸಬಲದಿಂದ, ತಂಡ ಸೇರುತ್ತಿದ್ದ ಯಹೂದಿ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಒಳಗೆ ಬಂದಳು. ತಲೆಯ ಮೇಲೆ ಪುಟ್ಟ ಟೋಪಿ ತೊಟ್ಟ ಹುಡುಗರು ಅವಳ ಸೀರೆಯನ್ನೂ ಪಾದವನ್ನೂ ನೋಡಿದರು. ಗಡ್ಡದ ಮೇಷ್ಟ್ರು ಪಿಯಾನೋದ ಒಂದು ಸ್ವರದ ಮನೆ ಒತ್ತಿದರು. ಸ್ಯಾಮಿಯ ಬಾಯಿ ತೆರೆಯಲಿಲ್ಲ. ಮತ್ತೆ ಒತ್ತಿದರು. ಅವನು ತಿರುಗಿ ಅಮ್ಮನನ್ನು ನೋಡಿದ.

ಅಮ್ಮ ಮೆಲ್ಲನೆ, ಅದೇ ಸ್ವರಕ್ಕೆ ಸೇರಿಸಿ, "ಸಾ..." ಎಂದಳು. ಅವನು ಆ ಷಡ್ಜವನ್ನು ಹಿಡಿದು ಹಾಡಿಗೆ ಹೊರಳಿದ. ಪಿಸುಗುಡುತ್ತಿದ್ದ ಹುಡುಗರೆಲ್ಲ ಅವನತ್ತ ತಿರುಗಿದರು. ಹಾಡು ಮುಗಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ಮಂಗಳವಾರದಿಂದ ಬರಲಿ ಎಂದರು.

ಸಂಜೆ ರೂತ್ ನಮ್ಮ ಬಾಗಿಲಲ್ಲೇ ನಿಂತು ಕೇಳಿದಳು. "ನೀವೇ ಹೇಳಿ, ಸೇರಿಸಲಾ?"

"ಅವನಿಗೆ ಬೇಕಂತೆ ರೂತ್. ಮಂಗಳವಾರ, ಗುರುವಾರ ನಾನು ಬಿಟ್ಟು ಬರ್ತೀನಿ."

ರೂತ್ ಅಮ್ಮನ ಭುಜದ ಮೇಲೆ ತಲೆಯಿಟ್ಟು ಎಷ್ಟೋ ಹೊತ್ತು ನಿಂತಿದ್ದಳು. ನನ್ನ ತಪ್ಪನ್ನು ಅಮ್ಮ ಅವಳಿಗೆ ಹೇಳಲಿಲ್ಲ. ನನಗೆ ತಲೆ ಬಾಚುವಾಗ ಮಾತ್ರ, "ಹೇಳಿದ್ಯಲ್ಲ, ಸಾಕು. ಇನ್ನೊಂದ್ಸಲ ಬೇಗ ಹೇಳು," ಎಂದಳು.

ಮೂರು ವರ್ಷ ಹಾಗೆ ಓಡಾಡಿದೆವು. ನಾನು ಹಿಂದಿನ ಬೆಂಚಿನಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಸ್ಯಾಮಿಗೆ ಹದಿಮೂರು ತುಂಬುವ ಮೊದಲೇ ದನಿ ಒಡೆಯಿತು. ಗಂಡುಹುಡುಗರ ಅಂಥ ದನಿಗೆ ಇರುವ ಆಯಸ್ಸೇ ಅಷ್ಟು ಎಂದು ನಮಗೆ ಯಾರೂ ಹೇಳಿರಲಿಲ್ಲ. ಆ ಬೇಸಿಗೆಯಲ್ಲಿ ಅವರು ಮನೆ ಬದಲಿಸಿದರು.

ಈಗ ನನ್ನ ಮಗಳು ಕೆಮ್ಮಿದ್ದೂ ಫೋನಿನಲ್ಲಿ ದಾಖಲಾಗಿದೆ. ಸ್ಯಾಮಿ ಒಬ್ಬನೇ ಹಾಡಿದ್ದನ್ನು ಹಿಡಿದಿಟ್ಟ ಒಂದು ಕ್ಯಾಸೆಟ್ಟೂ ಇಲ್ಲ. ಅವನು ಸುಖವಾಗಿದ್ದಾನೆ, ಆಗಾಗ ಫೋನು ಮಾಡಿ ದಪ್ಪ ದನಿಯಲ್ಲಿ ಮಾತಾಡುತ್ತಾನೆ. ತಾನು ಹೇಗೆ ಹಾಡುತ್ತಿದ್ದೆ ಎಂದು ಅವನಿಗೇ ನೆನಪಿಲ್ಲ. ನನ್ನ ಅಪ್ಪ ಅಮ್ಮ ಇಬ್ಬರೂ ತೀರಿಹೋದರು. ಅದನ್ನು ದಿನವೂ ಕೇಳಿದವರಲ್ಲಿ ನಾನು ಮತ್ತು ರೂತ್ ಇಬ್ಬರೇ ಉಳಿದಿದ್ದೇವೆ. ಹೋದ ತಿಂಗಳು ಅವಳನ್ನು ನೋಡಲು ಹೋಗಿದ್ದಾಗ ಆ ದನಿಯ ಮಾತೆತ್ತಿದೆ. ಈಗ ಕಿವಿ ಮಂದವಾಗಿರುವ ರೂತ್ ನಕ್ಕು, ಕಿವಿಗೆ ಕೈಯಿಟ್ಟು, ಇನ್ನಷ್ಟು ಜೋರಾಗಿ ಹೇಳು ಎಂದು ಸನ್ನೆ ಮಾಡಿದಳು.