ಕೌಂಟರಿನ ಮುಂದೆ ಅಪ್ಪ

ಶಿಗ್ಗಾಂವಿಯ ಹೆದ್ದಾರಿ ಬದಿಗೆ ಹೊಸದಾಗಿ ಶುರುವಾದ ಪಬ್ಬಿನಲ್ಲಿ ನನ್ನ ತಂಗಿ ಕಾಕ್‌ಟೇಲ್ ಮಾಡುವ ಕೆಲಸಕ್ಕೆ ಸೇರಿದಳು. ಅವತ್ತಿನಿಂದ ಅಪ್ಪ ಅವಳ ಜೊತೆ ಮಾತು ಬಿಟ್ಟ. ಅದಕ್ಕೂ ಮೊದಲು ಅವಳು ಗೋವಾದಲ್ಲಿ ಇದೇ ಕೆಲಸ ಮಾಡುತ್ತಿದ್ದಳು. ಆಗ ಯಾರಾದರೂ ಕೇಳಿದರೆ ಅಪ್ಪ "ಹೋಟೆಲ್ ನೌಕರಿ" ಎಂದು ಮಾತು ಮುಗಿಸುತ್ತಿದ್ದ. ಗೋವಾಕ್ಕೆ ಹೋಗಿ ಬಂದ ನಮ್ಮೂರಿನವರು ಅಲ್ಲಿ ಕಂಡದ್ದನ್ನು ಊರಲ್ಲಿ ಹೇಳುತ್ತಿರಲಿಲ್ಲ. ಶಿಗ್ಗಾಂವಿ ಹಾಗಲ್ಲ, ಅಲ್ಲಿ ಕಂಡದ್ದು ಮರುದಿನವೇ ಊರಿಗೆ ಮುಟ್ಟುತ್ತದೆ.

ಅಪ್ಪ ಹಿರೇಕೆರೂರಿನಲ್ಲಿ ದರ್ಜಿ. ನಾನು ಚಿಕ್ಕವಳಿದ್ದಾಗಲೇ ಬೌದ್ಧ ದೀಕ್ಷೆ ತೆಗೆದುಕೊಂಡವನು. ಈಗಲೂ ದಿನಾ ಬೆಳಿಗ್ಗೆ ಪಂಚಶೀಲ ಹೇಳಿಕೊಂಡೇ ಅಂಗಡಿಯ ಬಾಗಿಲು ತೆಗೆಯುತ್ತಾನೆ. ಅದರಲ್ಲಿ ಐದನೆಯದು ಮದ್ಯ ಮುಟ್ಟುವುದಿಲ್ಲ ಎಂಬ ಮಾತು. ನನ್ನ ಅಜ್ಜ ಸಾರಾಯಿ ಕುಡಿದು ಕುಡಿದೇ ಸತ್ತವನು. ಅದಕ್ಕೋ ಏನೋ, ಐದನೆಯದನ್ನು ಹೇಳುವಾಗ ಅಪ್ಪನ ದನಿ ಸ್ವಲ್ಪ ಏರುತ್ತದೆ.

ಕಳೆದ ವರ್ಷ ಕಣ್ಣು ತೋರಿಸಲೆಂದು ಅಪ್ಪ ಹಾನಗಲ್ಲಿಗೆ ಬಂದು ನನ್ನ ಮನೆಯಲ್ಲಿ ಉಳಿದಿದ್ದ. ನಾನು ಇಲ್ಲಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ತಂಗಿಯ ಪಬ್ಬಿಗೆ ಹೋಗೋಣ ಎಂದು ಅಂಜುತ್ತಲೇ ಕೇಳಿದೆ.

"ಊಟಾ ಅಷ್ಟ ಮಾಡಿ ಬರೂಣಪ್ಪಾ."

ಮೂರನೆಯ ದಿನ ಮಧ್ಯಾಹ್ನ ಅಪ್ಪ ತಾನೇ ಅಂಗಿಗೆ ಇಸ್ತ್ರಿ ಹಾಕಿಕೊಂಡು, "ಊಟಕ್ಕಷ್ಟ ಬರ್ತೇನಿ. ಆ ಬಾಟ್ಲಿ ಇಟ್ಟ ಕಡೆ ನಾ ಕೂಡೂದಿಲ್ಲ" ಎಂದ.

ನಾವು ಮುಟ್ಟಿದಾಗ ಇನ್ನೂ ಬೆಳಕಿತ್ತು. ಒಳಗೆ ಕಾಲಿಡಲೂ ಜಾಗವಿರಲಿಲ್ಲ. ಅಕ್ಕಿಆಲೂರಿನ ರೈಸ್‌ಮಿಲ್ಲಿನವರು, ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಬಂದ ಜೋಡಿಗಳು, ಮಕ್ಕಳನ್ನು ಕರೆತಂದ ಕುಟುಂಬಗಳು. ಟೇಬಲ್ಲಿಗೆ ಒಂದು ತಾಸು ಕಾಯಬೇಕು ಎಂದರು. ಖಾಲಿ ಇದ್ದದ್ದು ಕೌಂಟರಿನ ಮುಂದಿನ ಎರಡು ಎತ್ತರದ ಸ್ಟೂಲು ಮಾತ್ರ. ಅಪ್ಪನಿಗೆ ಮೊಣಕಾಲು ನೋವು, ನಿಂತು ಕಾಯುವುದು ಆಗದು. ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದ. ಆಮೇಲೆ ಹೋಗಿ ಸ್ಟೂಲು ಹತ್ತಿ ಕುಳಿತ. ಎದುರಿಗೆ ಸಾಲು ಸಾಲು ಬಾಟಲಿ, ಅವುಗಳ ಮುಂದೆ ಕಪ್ಪು ಏಪ್ರನ್ ಕಟ್ಟಿಕೊಂಡ ಅವನ ಕಿರಿಯ ಮಗಳು.

"ಬಾ ಅಪ್ಪಾ," ಎಂದಳು. ಅಪ್ಪ ತಲೆಯಾಡಿಸಿದ.

ಸವಣೂರಿನ ವೀಳ್ಯದೆಲೆ ಜಜ್ಜಿ, ಜಿನ್ ಬೆರೆಸಿ, ಗ್ಲಾಸಿನ ಅಂಚಿಗೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಚ್ಚಿ ಕೊಡುವ ಒಂದು ಕಾಕ್‌ಟೇಲ್ ಅಲ್ಲಿ ಹೆಸರು ಮಾಡಿತ್ತು. ಅದು ತಂಗಿಯದೇ ಕಲ್ಪನೆ. ಹಿಂದೊಮ್ಮೆ ಒಬ್ಬಳೇ ಬಂದಾಗ ನಾನೂ ಕುಡಿದಿದ್ದೆ. ಅಪ್ಪನಿಗೆ ಅದು ಇವತ್ತಿಗೂ ಗೊತ್ತಿಲ್ಲ. ಅದನ್ನೇ ಜಿನ್ ಇಲ್ಲದೆ ಅವನಿಗೆ ಮಾಡಿಕೊಡಲೆಂದು ತಂಗಿ ಅವನೆದುರಿಗೇ ಪಾನೀಯ ಕುಲುಕುವ ಶೇಕರನ್ನು ಎರಡು ಸಲ ತೊಳೆದಳು. ಎಲೆ, ಲಿಂಬೆ, ಬೆಲ್ಲ, ಸೋಡಾ ಒಂದೊಂದನ್ನೂ ತೋರಿಸಿ ತೋರಿಸಿ ಹಾಕಿದಳು.

"ಇದ್ರಾಗ ಅದೇನೂ ಇಲ್ಲಲ್ಲ?"

"ನೀ ನೋಡಾಕತ್ತೀಯಲ್ಲ ಅಪ್ಪಾ."

ಅಪ್ಪ ಅರ್ಧ ಗ್ಲಾಸು ಕುಡಿದ. ಚಲೋ ಅನ್ನಲಿಲ್ಲ, ಬ್ಯಾಡ ಅನ್ನಲೂ ಇಲ್ಲ. ಅಂಗೈಯಗಲದ ಜೋಳದ ರೊಟ್ಟಿಯ ಮೇಲೆ ಎಣ್ಣೆಗಾಯಿ ಇಟ್ಟು ತಂದರು. ಅದನ್ನು ತಿರುಗಿಸಿ ನೋಡಿ, "ಇಷ್ಟ ಸಣ್ಣ ರೊಟ್ಟಿ ಯಾರಿಗೆ?" ಎಂದು ನನ್ನನ್ನು ಕೇಳಿದ. ಕೇಳಿದ್ದು ನನ್ನನ್ನಾದರೂ ನಕ್ಕವಳು ತಂಗಿ.

ನಮ್ಮಿಂದ ಎರಡು ಸ್ಟೂಲು ಆಚೆ ಕುಳಿತಿದ್ದ ದಪ್ಪನೆಯ ಗಂಡಸು ಅಷ್ಟರಲ್ಲಿ ನಾಲ್ಕನೆಯ ಪೆಗ್ ಕೇಳಿದ. ಕಾರಿನ ಕೀಲಿ ಅವನ ಗ್ಲಾಸಿನ ಪಕ್ಕದಲ್ಲೇ ಇತ್ತು. ತಂಗಿ ಅವನ ಮುಂದೆ ನೀರು ಇಟ್ಟಳು.

"ಸಾಕ್ರಿ ಅಣ್ಣಾರ. ಇನ್ನ ಊಟಾ ಮಾಡ್ರಿ. ಗಾಡಿ ನೀವ ಹೊಡಿಯೋರು."

"ನೀ ಯಾರ ನನಗ ಹೇಳಾಕಿ?" ಅವನ ದನಿ ಏರಿತು. ಸುತ್ತಲಿನವರು ತಿರುಗಿ ನೋಡಿದರು. "ಹೆಣ್ಣುಡುಗಿ ನೀ. ಯಾವ ಅಪ್ಪ ನಿನ್ನ ಇಲ್ಲಿ ತಂದು ನಿಲ್ಲಿಸ್ಯಾನ?"

ತಂಗಿ ನೀರಿನ ಗ್ಲಾಸನ್ನು ಅವನ ಹತ್ತಿರಕ್ಕೆ ಸರಿಸಿದಳು. ನಮ್ಮ ಕಡೆ ನೋಡಲಿಲ್ಲ. ಆ ಮನುಷ್ಯ ಕೇಳಿದ್ದು ಅಪ್ಪ ಇಷ್ಟು ತಿಂಗಳು ಮನಸ್ಸಿನಲ್ಲಿ ತನ್ನನ್ನೇ ಕೇಳಿಕೊಂಡ ಮಾತೇ ಆಗಿತ್ತು.

ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟ. ಕಾಲು ನೆಲಕ್ಕೆ ಊರಿ, ನಿಧಾನ ಇಳಿದು ನಿಂತ.

"ನಾನ ರೀ," ಎಂದ. "ನಾನ ಆಕಿ ಅಪ್ಪ. ಏನ್ ಹೇಳ್ರಿ."

ಆ ಗಂಡಸು ಬಿಳಿ ಕೂದಲಿನ, ಬಿಳಿ ಅಂಗಿಯ ಮುದುಕನನ್ನು ಮೇಲಿಂದ ಕೆಳಗೆ ನೋಡಿದ. "ಅಲ್ಲ ಯಜಮಾನ್ರ, ನಾ ಹಂಗಲ್ಲ..." ಎಂದು ತೊದಲಿದ. ಪಕ್ಕದಲ್ಲಿದ್ದ ಅವನ ಜೊತೆಗಾರ ಕೀಲಿ ಎತ್ತಿಕೊಂಡು ಅವನನ್ನು ಹೊರಗೆ ಕರೆದುಕೊಂಡು ಹೋದ. ಅಪ್ಪ ಮತ್ತೆ ಸ್ಟೂಲು ಹತ್ತಿದ. ಈ ಸಲ ಹತ್ತುವುದಕ್ಕೆ ಸ್ವಲ್ಪ ಕಷ್ಟವಾಯಿತು, ನಾನು ಕೈ ಕೊಟ್ಟೆ. ತಂಗಿ ಹಿಂದೆ ತಿರುಗಿ ಬಹಳ ಹೊತ್ತು ಗ್ಲಾಸು ಒರೆಸಿದಳು.

ಹಿಂದಿರುಗುವಾಗ ನಾನು ಕಾರನ್ನು ಹಾನಗಲ್ಲಿನ ದಾರಿಗೆ ತಿರುಗಿಸಿದೆ. ಅಪ್ಪನೇ ಮಾತು ಶುರು ಮಾಡಿದ.

"ಆ ಕೆಲಸ ನನಗ ಸೇರೂದಿಲ್ಲ. ನಾಳೆ ಕೇಳಿದ್ರೂ ಇದನ್ನ ಹೇಳ್ತೇನಿ."

"ಮತ್ತ ಅವನ ಮುಂದ ಹಂಗ್ಯಾಕ ಎದ್ದು ನಿಂತಿ?"

"ಅಪ್ಪ ಯಾರು ಅಂತ ಕೇಳಿದ್ನಲ್ಲ. ಸುಳ್ಳ ಹೇಳ್ಲೇನು?"

ಅಪ್ಪ ಮತ್ತೆ ಆ ಪಬ್ಬಿಗೆ ಹೋಗಲಿಲ್ಲ. ತಂಗಿಗೆ ಸೋಮವಾರ ರಜೆ. ಆ ವಾರದಿಂದ ಅವಳು ಹಿರೇಕೆರೂರಿನ ಬಸ್ಸು ಹತ್ತತೊಡಗಿದಳು. ಮೊದಲ ಸೋಮವಾರ ಇಬ್ಬರೂ ಮಳೆಯ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲವಂತೆ. ಮೂರನೆಯ ಸೋಮವಾರ ಅವ್ವ ನನಗೆ ಫೋನ್ ಮಾಡಿ, "ಮುಂಜಾನಿಯಿಂದ ಅಪ್ಪ ಮಗಳು ಜಗಳಾಡಾಕತ್ತಾರ ನೋಡು" ಎಂದಳು. ಅವಳ ದನಿಯಲ್ಲಿ ಚಿಂತೆಯೇನೂ ಇರಲಿಲ್ಲ.