ಅಮ್ಮನ ಮೌನವ್ರತ

ಅಮ್ಮ ಸಿಲೋನಿನಿಂದ ಚಿತ್ರದುರ್ಗಕ್ಕೆ ಬಂದಾಗ ಅವಳಿಗೆ ಇಪ್ಪತ್ತೆಂಟು ವರ್ಷ. ಅಪ್ಪ ಬಾಗೂರಿನವನು. ಹರೆಯದಲ್ಲಿ ಸಿಲೋನಿನ ಚಹಾ ತೋಟವೊಂದಕ್ಕೆ ಲಾರಿ ಓಡಿಸಲು ಹೋದವನು, ಅಲ್ಲೇ ಹುಟ್ಟಿ ಬೆಳೆದ ತಮಿಳು ಹುಡುಗಿಯನ್ನು ಮದುವೆಯಾಗಿ, ಎರಡು ವರ್ಷದ ನನ್ನ ಅಕ್ಕನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿಂದಿರುಗಿದ. ನಾನು ಹುಟ್ಟಿದ್ದು ಇಲ್ಲಿ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಮ್ಮ ನಮ್ಮ ಮಾತಿನಲ್ಲಿ ಕಲಿಯದೆ ಬಿಟ್ಟದ್ದು ಏನೂ ಇರಲಿಲ್ಲ. ಐತೆ ಎನ್ನುತ್ತಿದ್ದಳು, ಬರ್ರಿ ಕುಂತ್ಕಳ್ರಿ ಎನ್ನುತ್ತಿದ್ದಳು, ಸಂತೆಯಲ್ಲಿ ಸೊಪ್ಪಿನವಳ ಜೊತೆ ಜಗಳಕ್ಕೂ ನಿಲ್ಲುತ್ತಿದ್ದಳು. ಜಗಳ ಮುಗಿದ ಮೇಲೆ ಸೊಪ್ಪಿನವಳು ಯಾವ ಊರಮ್ಮ ನಿಂದು ಎಂದು ಕೇಳಿಯೇ ಕೇಳುತ್ತಿದ್ದಳು.

ಪದಗಳೆಲ್ಲ ನಮ್ಮವೇ, ರಾಗ ಮಾತ್ರ ಬೇರೆ. ಇಳಿಸುತ್ತಿದ್ದ ಕೊಡವನ್ನು ಕಡೇ ಗಳಿಗೆಯಲ್ಲಿ ಮತ್ತೆ ಮೇಲೆತ್ತಿದ ಹಾಗೆ, ಪ್ರತಿ ಮಾತಿನ ಕೊನೆಯನ್ನು ಎತ್ತಿಬಿಡುತ್ತಿದ್ದಳು. ಹತ್ತು ವರ್ಷದವಳಿದ್ದಾಗಿನಿಂದ ನಾನು ಅವಳನ್ನು ತಿದ್ದುತ್ತಿದ್ದೆ. ಅವಳು ಕಾಳು ಆರಿಸುತ್ತ ಕೂತರೆ ಎದುರಿಗೆ ಕೂತು, ನಾನು ಹೇಳಿದ ಹಾಗೆ ಹೇಳು ಎಂದು ಕಾಡುತ್ತಿದ್ದೆ. ಹೇಳುತ್ತಿದ್ದಳು. ನಾಲ್ಕನೆಯ ಸಲಕ್ಕೆ ಸರಿಯಾಗಿ ಬರುತ್ತಿತ್ತು, ಐದನೆಯ ಸಲ ಮತ್ತೆ ಅದೇ ರಾಗ. ಬೆಳೆದ ಮೇಲೆ ಕಲಿತ ಭಾಷೆ ನಾಲಿಗೆಗೆ ಹತ್ತುತ್ತದೆ, ಗಂಟಲಿಗೆ ಇಳಿಯುವುದಿಲ್ಲ ಎಂದು ಈಗ ತಿಳಿದಿದೆ. ಆಗ ಮಾತ್ರ ಅವಳು ಬೇಕೆಂದೇ ಹಟ ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ನನಗೆ ಸಿಟ್ಟು ಬೇಗ, ಇವತ್ತಿಗೂ.

ಅಕ್ಕನಿಗೆ ಗಂಡು ನೋಡಲು ಶುರುವಾದ ಮೇಲೆ ಇದು ಮನೆಯೊಳಗಿನ ಜಗಳವಾಗಿ ಉಳಿಯಲಿಲ್ಲ. ಮೊದಲು ಹೊಸದುರ್ಗದಿಂದ ಬಂದರು, ಆಮೇಲೆ ಹಿರಿಯೂರಿನಿಂದ. ಇಬ್ಬರೂ ಅಕ್ಕನನ್ನು ಮೆಚ್ಚಿದರು. ಅಮ್ಮ ಬಂದು ಕಾಫಿ ತಗಳ್ರಿ ಎಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ತಾಯಿ ಎಲ್ಲಿಯವರು, ಯಾವ ಜನ ಎಂದು ವಿಚಾರಿಸಿದರು, ಊರಿಗೆ ಹೋಗಿ ಸುಮ್ಮನಾದರು. ಎರಡನೆಯ ಸಲ ಅಕ್ಕ ತನ್ನ ಒಂದೇ ಒಂದು ರೇಷ್ಮೆ ಸೀರೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಅಮ್ಮ ಅದನ್ನು ಬಾಗಿಲಲ್ಲಿ ನಿಂತು ನೋಡಿದಳು.

ಮೂರನೆಯ ಸಂಬಂಧ ಹೊಳಲ್ಕೆರೆಯದು. ಹುಡುಗ ಹೈಸ್ಕೂಲಿನಲ್ಲಿ ಮೇಷ್ಟ್ರು. ಅಕ್ಕ ಯಾರದೋ ಮದುವೆಯಲ್ಲಿ ಅವನನ್ನು ನೋಡಿದ್ದಳು, ಇವನಾದರೆ ಆಗಬಹುದು ಎಂದು ನನ್ನೊಬ್ಬಳಿಗೆ ಹೇಳಿದ್ದಳು. ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರಬೇಕು, ಶ್ರಾವಣದ ಒಂದು ಸೋಮವಾರ ಬರುತ್ತೇವೆಂದು ಅವರು ಹೇಳಿ ಕಳಿಸಿದರು. ಹಿಂದಿನ ಎರಡರಿಂದ ಬೆಂದಿದ್ದ ಅಪ್ಪ, ಹುಡುಗಿಯ ತಾಯಿ ಹಿರಿಯೂರಿನ ಕಡೆಯವಳು ಎಂದುಬಿಟ್ಟ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾನು ಹೇಳಿದ್ದು ಒಂದೇ ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಒಂದನ್ನು ಕಾಯಲು ಎರಡನೆಯದನ್ನು ಹುಡುಕಿ ಕೊಟ್ಟವಳು ನಾನು.

ಶ್ರಾವಣ ಸೋಮವಾರ ಕೆಲವು ಹೆಂಗಸರು ಹೊತ್ತು ಮೂಡಿದಾಗಿನಿಂದ ದೀಪ ಹಚ್ಚುವವರೆಗೆ ಮಾತು ಬಿಟ್ಟು ಮೌನವ್ರತ ಹಿಡಿಯುತ್ತಿದ್ದರು. ಅಮ್ಮನಿಗೂ ವ್ರತ ಎಂದರಾಯಿತು, ಬಂದವರು ಮೂರು ಗಂಟೆಯ ಬಸ್ಸಿಗೆ ಹೋಗುತ್ತಾರೆ ಎಂದೆ. ಅಪ್ಪ ನನ್ನ ಬುದ್ಧಿಯನ್ನು ಹೊಗಳಿದ. ಅಕ್ಕ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಅಮ್ಮ ಅಕ್ಕಿಯ ಮೊರ ಕೆಳಗಿಟ್ಟು ‘ಆಗ್ಲಿ’ ಎಂದಳು. ಆ ಎರಡಕ್ಷರದ ಕೊನೆಯೂ ಮೇಲಕ್ಕೇ ಹೋಯಿತು.

ಸೋಮವಾರ ಬೆಳಗಿನಿಂದಲೇ ಅವಳು ಬಾಯಿ ತೆರೆಯಲಿಲ್ಲ. ಅವರು ಬರುವುದು ಹನ್ನೊಂದಕ್ಕೆ, ಈಗ ಮಾತಾಡಬಹುದು ಎಂದರೆ ತಲೆಯಾಡಿಸಿದಳು. ಮೆಣಸಿನಕಾಯಿ ಬಜ್ಜಿ ಕರಿಯುವಾಗ ಕಾದ ಎಣ್ಣೆ ಮುಂಗೈಗೆ ಸಿಡಿಯಿತು. ತುಟಿ ಒಳಗೆಳೆದುಕೊಂಡಳೇ ಹೊರತು ಅಮ್ಮಾ ಎನ್ನಲಿಲ್ಲ. ಇಷ್ಟು ಗಟ್ಟಿ ಇದ್ದಾಳೆ, ಸಂಜೆವರೆಗೂ ತಡೆದಾಳು ಎಂದು ನನಗೆ ಧೈರ್ಯ ಬಂತು. ಆ ಧೈರ್ಯ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಂದವರು ಮೂವರು. ಹುಡುಗ, ಅವನ ಸೋದರಮಾವ, ಅಜ್ಜಿ. ತಾಯಿ ಇಲ್ಲದ ಹುಡುಗನನ್ನು ಸಾಕಿದ್ದು ಆ ಅಜ್ಜಿ, ಅವಳ ಮಾತೇ ಕೊನೆ. ಎಲ್ಲ ಚೆನ್ನಾಗಿ ನಡೆಯಿತು. ವ್ರತದ ವಿಷಯ ಕೇಳಿ ಅಜ್ಜಿ ಅಮ್ಮನ ಕಡೆ ಕೈಮುಗಿದಳು, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೂ ಇದೂ ಕೇಳಿದಳು. ಹುಡುಗನಂತೂ ನೋಡಿದ್ದನ್ನೇ ನೋಡುತ್ತಿದ್ದ. ಎರಡೂವರೆಗೆ ಸೋದರಮಾವ ಗಡಿಯಾರ ನೋಡಿದರು, ಅಪ್ಪ ಎಲೆ ಅಡಿಕೆಯ ತಟ್ಟೆ ತಂದಿಟ್ಟ. ಅಜ್ಜಿ ಆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ. ತಾಯಿ ಬಾಯಿಂದ ಒಂದು ಮಾತೂ ಕೇಳ್ದೆ ನಾನೆಂಗೆ ಎದ್ದು ಹೋಗ್ಲಿ? ಮೌನ ಬಿಟ್ಟು ಆಡಿದ ಮೊದಲ್ನೇ ಮಾತು ಸುಳ್ಳಾಗಲ್ಲ ಅಂತಾರೆ ನಮ್ಮ ಕಡೆ. ಅದು ಈ ಹುಡುಗಿ ಉಡೀಗೆ ಬೀಳ್ಲಿ. ದೀಪ ಹಚ್ಚೋವರೆಗೂ ಕುಂತಿರ್ತೀನಿ.’

ಮಾಡಿದ್ದುಣ್ಣೋ ಮಹರಾಯ ಎಂದು ಊರಿಗೆಲ್ಲ ಹೇಳುವವಳು ನಾನು.

ಮೂರು ಗಂಟೆಯ ಬಸ್ಸು ಹೋಯಿತು. ಐದರದೂ ಹೋಯಿತು. ಅಪ್ಪ ಬಾಳೆಹಣ್ಣು ತರುತ್ತೇನೆಂದು ಎರಡು ಸಲ ಹೊರಗೆ ಹೋಗಿ ಎರಡು ಸಲವೂ ಬರಿಗೈಯಲ್ಲಿ ಬಂದ. ಅಜ್ಜಿ ಗೋಡೆಗೊರಗಿ ಆರಾಮವಾಗಿ ಕೂತಿದ್ದಳು, ಯಾವ ಗಡಿಬಿಡಿಯೂ ಇಲ್ಲ. ನಾನು ಅಮ್ಮನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಹಾಕಿದೆ. ಒಂದೇ ಮಾತು ಸಾಕು, ಒಳ್ಳೇದಾಗ್ಲಿ ಅನ್ನು, ಕೊನೆ ಮಾತ್ರ ಕೆಳಗೆ ಬಿಡು ಎಂದು ಪಿಸುಗುಟ್ಟಿದೆ. ಹತ್ತು ಸಲ ಹೇಳಿ ತೋರಿಸಿದೆ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮುಂಗೈ ಮೇಲೆ ಬೊಬ್ಬೆ ಎದ್ದಿತ್ತು. ಕಿಟಕಿಯಾಚೆ ಕೋಟೆಯ ಬಂಡೆಗಳ ಮೇಲಿನ ಬಿಸಿಲು ಕೆಂಪಾಗಿ, ಮೆಲ್ಲಗೆ ಇಲ್ಲವಾಯಿತು.

ಅಮ್ಮ ದೀಪ ಹಚ್ಚಿದಳು. ಎಲ್ಲರೂ ಎದ್ದು ನಿಂತರು. ಅಜ್ಜಿ ಹೇಳಿದಂತೆ ಅಕ್ಕ ಅಮ್ಮನ ಮುಂದೆ ಸೆರಗು ಒಡ್ಡಿ ಕೂತಳು. ನಾನು ಅಮ್ಮನಿಗೆ ಕಾಣುವ ಹಾಗೆ ಅಜ್ಜಿಯ ಹಿಂದೆ ನಿಂತು, ಸದ್ದಿಲ್ಲದೆ ತುಟಿಯಾಡಿಸಿದೆ. ಅವಳು ನನ್ನ ಕಡೆ ನೋಡಲಿಲ್ಲ.

‘ಹೋದ ಮನೇಲಿ ನನ್ನ ಮಗ್ಳು ಬಾಯ್ತುಂಬ ಮಾತಾಡ್ಲಿ’ ಎಂದಳು. ‘ಅವ್ಳ ಮಾತ್ನ ಯಾರೂ ತಡೀದೆ ಇರ್ಲಿ.’

ಎರಡೂ ಮಾತಿನ ಕೊನೆ ಮೇಲೆ ಹೋಯಿತು. ಇಳಿಸಲು ಅವಳು ಯತ್ನಿಸಲೂ ಇಲ್ಲ. ಆಮೇಲೆ ಅಜ್ಜಿಯ ಕಡೆ ತಿರುಗಿ, ತಾನು ಹಿರಿಯೂರಿನವಳಲ್ಲ, ಸಿಲೋನಿನವಳು, ವ್ರತವೂ ನಿಜವಲ್ಲ, ತನ್ನ ಮಾತು ಕೇಳಿದರೆ ನೀವು ಎದ್ದು ಹೋಗುತ್ತೀರೆಂದು ಮನೆಯವರಿಗೆ ಹೆದರಿಕೆ ಎಂದು ಒಂದೇ ಉಸಿರಿಗೆ ಹೇಳಿದಳು.

ಅಜ್ಜಿ, ವ್ರತ ಅಂತ ಹೇಳಿಕೊಟ್ಟವರು ಯಾರು ಎಂದು ಕೇಳಿದಳು. ನಾನು ಹೇಳಬೇಕಿತ್ತು. ಹೇಳಲಿಲ್ಲ. ಅಮ್ಮ ‘ನಾನೇ’ ಎಂದಳು. ಅಜ್ಜಿ ಅವಳ ಮುಂಗೈಯ ಬೊಬ್ಬೆ ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು.

‘ಹುಡುಗಿ ನಮಗೆ ಒಪ್ಪಿಗೆ ಐತೆ. ನಿನ್ನ ಮಾತೂ ಒಪ್ಪಿಗೆ ಐತೆ, ತಾಯಿ. ಹೆತ್ತವಳ ಬಾಯಿ ಕಟ್ಟೋ ಮನೆ ಮಾತ್ರ ಒಪ್ಪಿಗೆ ಇಲ್ಲ.’

ಏಳರ ಬಸ್ಸಿಗೆ ಹೊರಟು ಹೋದರು. ಹುಡುಗ ಹೊಸಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅಕ್ಕ ನೋಡಲಿಲ್ಲ. ಅಜ್ಜಿ ಹೇಳಿದ್ದು ನಿಜವೋ, ಸಿಲೋನಿನ ಸೊಸೆ ಇರುವ ಮನೆ ಬೇಡವೆನ್ನಲು ಸಿಕ್ಕ ನೆಪವೋ, ಇಷ್ಟು ವರ್ಷವಾದರೂ ನನಗೆ ತೀರ್ಮಾನಿಸಲು ಆಗಿಲ್ಲ. ನೆಪವೇ ಆಗಿದ್ದರೂ ಆ ನೆಪವನ್ನು ಕೈಗೆ ಕೊಟ್ಟವಳು ನಾನು. ಎರಡು ವರ್ಷ ಕಳೆದು ಅಕ್ಕನಿಗೆ ಬೇರೆ ಕಡೆ ಮದುವೆಯಾಯಿತು. ಆ ಮಾತುಕತೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ಅಮ್ಮ.

ಆ ಸೋಮವಾರ ಅವರು ಹೋದ ಮೇಲೆ ಅಕ್ಕ ಅಳಲಿಲ್ಲ, ಬೆಣ್ಣೆ ತಂದು ಅಮ್ಮನ ಕೈಗೆ ಹಚ್ಚಿದಳು. ನನ್ನ ಜೊತೆ ಯಾರೂ ಮಾತಾಡಲಿಲ್ಲ. ಮಾರನೆಯ ದಿನ ಅಮ್ಮ ತೊಗರಿಬೇಳೆ ಆರಿಸುತ್ತಿದ್ದಾಗ ಹೋಗಿ ಎದುರಿಗೆ ಕೂತೆ. ಕಲ್ಲು ಜಾಸ್ತಿ ಅವೆ ಎಂದಳು. ಕೊನೆ ಮೇಲೆ ಹೋಯಿತು. ಆರು ವರ್ಷದ ಅಭ್ಯಾಸ, ನನಗೆ ಗೊತ್ತಿಲ್ಲದೆಯೇ ಅದೇ ಮಾತನ್ನು ಸರಿಯಾಗಿ ಹೇಳಲು ಬಾಯಿ ತೆರೆದೆ. ಅವಳು ಬೇಳೆಯ ಕೈಯನ್ನೇ ನನ್ನ ಬಾಯಿಗೆ ಅಡ್ಡ ಹಿಡಿದಳು.

‘ಸಾಕು ಮಗ. ಇಪ್ಪತ್ತು ವರ್ಷ ಆಯ್ತು, ಇನ್ನು ಬರಲ್ಲ. ಬರ್ಲಿಲ್ಲ ಅಂತ ನಾನು ಯಾವತ್ತೂ ಅತ್ತಿಲ್ಲ. ನೀನು ನಾಚ್ಕಂಡೆ ಅಂತ ಅತ್ತಿದೀನಿ.’

ಅವಳ ಕೈಯನ್ನು ಬಾಯಿಯ ಮೇಲಿಂದ ತೆಗೆಯುವ ಧೈರ್ಯ ನನಗೆ ಆಗಲಿಲ್ಲ. ಅವಳೇ ತೆಗೆದು, ಮೊರವನ್ನು ನನ್ನ ಕಡೆ ಸರಿಸಿದಳು. ಇಬ್ಬರೂ ಕೂತು ಕಲ್ಲು ಆರಿಸಿದೆವು.